ಇಸ್ತ್ರಿಗೊಂದು ಡಬ್ಬ

ನಮ್ಮ ಕಟ್ಟಡದಲ್ಲಿ ನನಗೆ ಗೊತ್ತಿಲ್ದೆ ಒಂದು ಬೆಕ್ಕು ಬಾಲ ಅಲ್ಲಾಡ್ಸೋ ಹಾಗಿಲ್ಲ. ಯಾವ ಬೆಕ್ಕು ಎಲ್ಲಿ ಕೂತು ಏನು ಮಾಡಿ ಹೋಯ್ತು ಅಂತ ಮೂಗಿನಲ್ಲೇ ಕಂಡುಹಿಡಿದು ಹೇಳಿಬಿಡ್ತೀನಿ, ಕಣ್ಣು ಬಿಡೋದೂ ಬೇಡ. ಇದರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅನ್ನೋದು ಆಮೇಲೆ ನೋಡೋಣ, ಮೊದಲು ಫ್ರೇಮಣ್ಣನ ಪಾಡು ಕೇಳಿ.

ಫ್ರೇಮಣ್ಣ ನನ್ನ ಎದುರು ಬಾಗಿಲಿನವನು. ನೆಲಮಹಡಿಯಲ್ಲಿ ನಂದೊಂದು ಮನೆ, ಅವನದ್ದೊಂದು. ಮುಂದಿನ ಕೋಣೆಯಲ್ಲೇ ಫೋಟೋಗಳಿಗೆ ಕಟ್ಟು ಹಾಕೋ ಕೆಲಸ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಹಾಗಾಗಿ ಬಾಯೂ ಇಲ್ಲ. ಎಂಥಾ ಸಾಧು ಅಂದ್ರೆ, ನೀವು ಅವನ ಕಾಲು ತುಳಿದ್ರೆ 'ತಪ್ಪಾಯ್ತು' ಅನ್ನೋನು ಅವನೇ. ಗಾಜು ಕೈ ಕುಯ್ದ್ರೆ ಗಾಜಿಗೆ ತಪ್ಪಾಯ್ತು ಅಂತಾನೆ, ನಾನೇ ಕೇಳಿದೀನಿ.

ಅವನಿಗೊಂದು ಹೆಣ್ಣುಬೆಕ್ಕು. ಮರಿಯಾಗಿದ್ದಾಗ ಯಾವುದೋ ಸ್ಕೂಟರು ಹತ್ತಿ ಹಿಂದಿನ ಎರಡೂ ಕಾಲು ಹೋದವು. ಇವನು ಅಂಗಿಯೊಳಗೆ ಹಾಕ್ಕೊಂಡು ಬಂದ, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸ್ದ. ಮುಂದಿನ ಕಾಲಲ್ಲಿ ಎಳ್ಕೊಂಡು ಹೋಗುತ್ತೆ, ಹಿಂದಿನ ಭಾಗ ನೆಲಕ್ಕೆ ಒತ್ತಿಕೊಂಡು ಬರುತ್ತೆ. ಹೋದ ಕಡೆಯೆಲ್ಲ ನೆಲ ನುಣ್ಣಗೆ. ಅದಕ್ಕೇ ನಾನು ಇಸ್ತ್ರಿ ಅಂತ ಹೆಸರಿಟ್ಟೆ. ದಿನಾ ಬೆಳಿಗ್ಗೆ ಸಂಜೆ ಅವನು ಹಳೇ ಪೇಪರ್ ಹಾಸಿ ಕೂರಿಸ್ತಿದ್ದ, ಅವಳು ಸುದ್ದಿ ಓದ್ದ ಹಾಗೆ ಸ್ವಲ್ಪ ಹೊತ್ತು ತಲೆ ಬಗ್ಗಿಸಿ, ಕೆಲಸ ಮುಗಿಸಿ ಬರ್ತಿದ್ದಳು. ಯಾರಿಗೂ ತೊಂದರೆ ಇರ್ಲಿಲ್ಲ.

ಅವತ್ತು ಬೆಳಿಗ್ಗೆ ಓನರಮ್ಮ ಮೂರನೇ ಮಹಡಿಯಿಂದ ಇಳಿದು ಬಂದ್ರು. ಕಟ್ಟಡ ಅವರದ್ದು, ಮೆಟ್ಟಿಲೂ ಅವರದ್ದೇ ಅನ್ನೋ ಹಾಗೆ ಇಳೀತಾರೆ. ತಮ್ಮ ಬಾಗಿಲ ಮುಂದಿನ ಕಾಲೊರೆಸೋ ಮ್ಯಾಟನ್ನ ಎರಡೇ ಬೆರಳಲ್ಲಿ, ಸತ್ತ ಇಲಿ ಹಿಡಿದ ಹಾಗೆ ಹಿಡ್ಕೊಂಡಿದ್ರು. ಅದರ ಮೇಲೆ ಏನಿತ್ತು ಅಂತ ಬಿಡಿಸಿ ಹೇಳೋದು ಬೇಡ, ವಾಸನೆ ನಾಲ್ಕು ಬೀದಿಗೆ ಹೇಳ್ತಿತ್ತು. ನಾನು ಬಾಗಿಲಲ್ಲೇ ಕೂತಿದ್ದೆ. ನನ್ನ ಗಂಡುಬೆಕ್ಕು ಗುಂಡ ಆಗ ತಾನೆ ಮೇಲಿನ ಮಹಡಿಗಳ ವಾಕಿಂಗ್ ಮುಗಿಸಿ ಬಂದು ಮುಖ ತೊಳ್ಕೊಳ್ತಿದ್ದ.

"ಇದು ಯಾರ..." ಅಂದ್ರು ಓನರಮ್ಮ.

"ತಪ್ಪಾಯ್ತಮ್ಮ," ಅಂದ ಫ್ರೇಮಣ್ಣ.

ನೋಡಿ, ಅವರು ಇನ್ನೂ ಯಾರ ಹೆಸರೂ ಎತ್ತಿರ್ಲಿಲ್ಲ. ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೆನೇ ಹೆಗಲು ಮುಟ್ಟಿ ನೋಡ್ಕೊಳ್ಳೋ ಆಸಾಮಿ.

"ಓಹೋ, ನಿಂದಾ? ಇದನ್ನ ಒಗೆದು ಕೊಡು. ಆ ಬೆಕ್ಕು ಎಲ್ಲೆಂದರಲ್ಲಿ ಮಾಡೋದು ಇವತ್ತಿಗೆ ಕೊನೆ. ಸಂಜೆ ಬರ್ತೀನಿ. ನನ್ನ ಕಣ್ಣೆದುರಿಗೆ, ಅದಕ್ಕೆ ಅಂತ ಇಟ್ಟ ಒಂದೇ ಜಾಗದಲ್ಲಿ ಅದು ಕೆಲಸ ಮುಗಿಸ್ಬೇಕು. ಇಲ್ಲಾಂದ್ರೆ ಬೆಕ್ಕು ಹೊರಗೆ."

"ಹೊರಗೆ ಅಂದ್ರೆ ಎಲ್ಲಿಗಮ್ಮ? ಅವಳಿಗೆ ನಡೆಯೋಕೆ ಬರಲ್ಲ."

"ಅದು ಬೆಕ್ಕು ಯೋಚಿಸ್ಲಿ."

ಅವರು ಮೇಲೆ ಹೋಗಿದ್ದೇ ತಡ, ಕಟ್ಟಡದಲ್ಲಿದ್ದ ಬುದ್ಧಿಯೆಲ್ಲ ಕೆಳಗೆ ಇಳೀತು. ಮೊದಲು ಬಂದೋಳು ಎರಡನೇ ಮಹಡಿಯ ನರ್ಸು. "ಮೊದಲು ಆ ಪೇಪರ್ ತೆಗೆದುಹಾಕು, ಅದರ ಬದಲು ಮರಳು ತುಂಬಿದ ಡಬ್ಬ ಇಡು. ಪೇಪರ್ ಕಂಡ್ರೆ ಡಬ್ಬಕ್ಕೆ ಹೋಗಲ್ಲ. ಪೇಶೆಂಟಿಗೆ ಆಯ್ಕೆ ಕೊಡ್ಬಾರ್ದು." ಪೇಪರೆಲ್ಲ ಕಟ್ಟಿ ತಗೊಂಡೇ ಹೋದಳು.

ಫ್ರೇಮಣ್ಣ ಮ್ಯಾಟು ಒಗೆದು ಒಣಗೋಕೆ ಹಾಕಿ ಡಬ್ಬ ಮಾಡೋಕೆ ಕೂತ. ಕೈಗೆ ಬರೋದು ಒಂದೇ ಕೆಲಸ. ಮೂಲೆ ಮೂಲೆ ಕೂಡಿಸಿ, ಬಂಗಾರದ ಅಂಚಿನ ಪಟ್ಟಿ ಕುಯ್ದು ಡಬ್ಬ ಮಾಡ್ದ. ಅಭ್ಯಾಸಬಲ, ಹಿಂದೆ ನೇತುಹಾಕೋ ಕೊಂಡಿನೂ ಹೊಡೆದ. ಮರಳು ತುಂಬಿದ. ಇಸ್ತ್ರಿ ಬಂದು ಅಂಚಿನ ಮೇಲೆ ಗಲ್ಲ ಇಟ್ಟಳು. ಫೋಟೋ ಹಾಗೆ ಕಂಡಳು. ಒಳಗೆ ಮಾತ್ರ ಹೋಗ್ಲಿಲ್ಲ.

"ಅಂಚು ಎತ್ತರ ಆಯ್ತು," ಅಂದ ಪಕ್ಕದ ಬೀದಿ ಬಡಗಿ. ಅವನನ್ನ ಯಾರೂ ಕರೆದಿರ್ಲಿಲ್ಲ, ಸುತ್ತಿಗೆ ಸದ್ದು ಕೇಳಿದ್ರೆ ತಾನಾಗೇ ಬರ್ತಾನೆ. "ಹತ್ತೋಕೆ ಒಂದು ಇಳಿಜಾರು ಹಲಗೆ ಬೇಕು."

ಹಲಗೆ ತಂದ. ಬರೀ ಹಲಗೆ ಇಟ್ರೆ ಅವನ ಮಾನ ಏನಾಗ್ಬೇಕು? ಉಜ್ಜಿದ, ಪಾಲಿಶ್ ಹಾಕ್ದ, ಎರಡೂ ಕಡೆ ಹಿಡ್ಕೊಳ್ಳೋಕೆ ಕಂಬಿ ಇಟ್ಟ. ಬೆಕ್ಕು ಕಂಬಿ ಯಾವ ಕೈಯಲ್ಲಿ ಹಿಡ್ಕೊಳ್ಳುತ್ತೆ ಅಂತ ನಾನು ಕೇಳ್ಲಿಲ್ಲ. ಇಸ್ತ್ರಿ ಅರ್ಧ ಹಲಗೆ ಏರಿದಳು, ಪೂರ್ತಿ ಜಾರಿದಳು. ಮತ್ತೆ ಏರಿದಳು, ಮತ್ತೆ ಜಾರಿದಳು. ಕೊನೆಗೆ ಅವಳಿಗೆ ಜಾರೋದೇ ಹಿಡಿಸಿದ ಹಾಗೆ ಕಾಣ್ತು.

"ಮರಳು ಚುಚ್ಚುತ್ತೇನೋ," ಅಂತ ಬಡಗಿ ಮರದ ಹೊಟ್ಟು ಸುರಿದ. ಎತ್ತಿ ಒಳಗೆ ಕೂರ್ಸಿದ್ರೆ ಹೊಟ್ಟೆಯ ಕೂದಲಿಗೆಲ್ಲ ಹೊಟ್ಟು ಮೆತ್ಕೊಂಡು, ಅವಳು ಹೊರಗೆ ಬಂದಾಗ ಗಡ್ಡ ಬಿಟ್ಟ ಮುದುಕನ ಹಾಗಿದ್ದಳು. ನರ್ಸು ಆಸ್ಪತ್ರೆಯಿಂದ ಹಳೇ ಬೆಡ್‌ಪ್ಯಾನ್ ತಂದಳು, ಸುತ್ತ ಪರದೆ ಕಟ್ಟಿದಳು, ಎಲ್ಲರಿಗೂ "ಆಚೆ ನಿಲ್ಲಿ" ಅಂದಳು. ಆಮೇಲೆ ಪರದೆ ಸರಿಸಿ ನೋಡಿದ್ರೆ ಬೆಡ್‌ಪ್ಯಾನ್ ತಣ್ಣಗಿತ್ತು, ಇಸ್ತ್ರಿ ಪರದೆಯ ಈ ಕಡೆ ನಮ್ಮ ಜೊತೆಗೇ ಕೂತಿದ್ದಳು.

ನಾನೂ ಒಂದಿಷ್ಟು ಹೇಳ್ದೆ. ಕೇಳಿದ್ರೆ ಕೊಡೋದು ಸಲಹೆ, ಕೇಳದೆ ಕೊಡೋದು ಪ್ರೀತಿ. ಇಸ್ತ್ರಿಯನ್ನ ಮಾತ್ರ ಯಾರೂ ಕೇಳ್ಲಿಲ್ಲ. ಕೋಳಿ ಕೇಳಿ ಯಾರಾದ್ರೂ ಮಸಾಲೆ ಅರೀತಾರಾ?

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ್ರು. ಫ್ರೇಮಣ್ಣ ಊಟ ಮಾಡ್ಲಿಲ್ಲ. ನೆಲದ ಮೇಲೆ ಅವಳ ಪಕ್ಕ ಮಲಗಿ, ಹಣಿಗೆಯಲ್ಲಿ ಹೊಟ್ಟು ಬಾಚಿ ತೆಗೀತಾ, "ಒಂದೇ ಒಂದು ಸಲ ಕೂತ್ಬಿಡೇ ತಾಯಿ. ನಿನ್ನ ಹೊರಗೆ ಬಿಟ್ರೆ ನಾನು ಒಳಗೆ ಹೇಗಿರ್ಲಿ," ಅಂತಿದ್ದ. ಇದು ಮಾತ್ರ ನಾನು ಉಪ್ಪುಖಾರ ಹಚ್ಚದೆ ಹೇಳ್ತಿದೀನಿ.

ಸಂಜೆ ಓನರಮ್ಮ ಬಂದ್ರು. ಒಗೆದ ಮ್ಯಾಟು ಒಣಗಿ ಬಾಗಿಲ ಹತ್ತಿರ ಹಾಸಿತ್ತು, ಅದರ ಪಕ್ಕದಲ್ಲೇ ನಿಂತ್ರು. ಬಡಗಿ, ನರ್ಸು, ನಾನು, ಮದುವೆ ಮಾತುಕತೆಗೆ ಬಂದೋರ ಹಾಗೆ ಗೋಡೆಗೆ ಸಾಲಾಗಿ ನಿಂತಿದ್ವಿ.

"ಎಲ್ಲಿ, ಹೋಗ್ಲಿ ಡಬ್ಬಕ್ಕೆ."

ಇಸ್ತ್ರಿ ಹಲಗೆ ಏರಿದಳು. ಜಾರಿದಳು.

"ಈ ಹಲಗೆ ಸರಿಯಿಲ್ಲ," ಅಂದ್ರು ಓನರಮ್ಮ.

ಬಡಗಿಗೆ ಮೈ ಉರೀತು. "ನನ್ನ ಹಲಗೆ ಮೇಲೆ ಆನೆ ಹತ್ತುತ್ತೆ. ಹತ್ತೋಕೆ ಬರದೇ ಇರೋದು ಬೆಕ್ಕಿಗೆ. ಎರಡು ಬೆರಳು ಎತ್ತರ ಹತ್ತಲಾರದು ಇದು, ಇನ್ನು ಮೂರು ಮಹಡಿ..."

ಅಲ್ಲಿಗೆ ನಿಂತ. ಬಾಯಿಂದ ಬಂದಿದ್ದು ಅವನ ಕಿವಿಗೆ ಆಗ ತಾನೆ ಬಿತ್ತು.

ಬೆಳಿಗ್ಗೆಯಿಂದ ಅಷ್ಟೊಂದು ಜನ, ಅಷ್ಟೊಂದು ಡಬ್ಬ, ಈ ಒಂದು ಮಾತು ಯಾರ ತಲೆಗೂ ಹೋಗಿರ್ಲಿಲ್ಲ. ಓನರಮ್ಮ ಮೆಟ್ಟಿಲು ನೋಡಿದ್ರು, ಬೆಕ್ಕು ನೋಡಿದ್ರು. ಅವರ ಮುಖ ಮೆತ್ತಗಾಯ್ತು. ಹುಟ್ಟಿದ ಮೇಲೆ ಮೊದಲ ಸಲ 'ತಪ್ಪಾಯ್ತು' ಅನ್ನೋಕೆ ಅವರ ಬಾಯಿ ಅರ್ಧ ತೆರೀತು.

ಅಷ್ಟರಲ್ಲಿ ಇಸ್ತ್ರಿ, ಬೆಳಿಗ್ಗೆಯಿಂದ ಪೇಪರ್ ಇಲ್ದೆ ತಡ್ಕೊಂಡಿದ್ದ ಇಸ್ತ್ರಿ, ನೆಲ ಒತ್ತಿಕೊಂಡು ಎಲ್ಲರ ಕಾಲ ನಡುವೆ ಹೋದಳು. ಮ್ಯಾಟಿಗೆ ಅಂಚಿಲ್ಲ, ಹತ್ತೋ ಹಾಗಿಲ್ಲ. ಒರಟು, ಜಾರೋ ಹಾಗಿಲ್ಲ. ನಡುವೆ ಹೋಗಿ ಕೂತು, ಓನರಮ್ಮನ ಮುಖ ನೋಡ್ತಾ ನೋಡ್ತಾ, ಇಡೀ ದಿನದ್ದು ಮುಗಿಸಿದಳು.

ಓನರಮ್ಮನ ಬಾಯಿ ಮುಚ್ಚಿಕೊಂಡಿತು.

"ಅಮ್ಮ, ನೀವೇ ಹೇಳಿದ್ರಲ್ಲ," ಅಂದಳು ನರ್ಸು, "ಕಣ್ಣೆದುರಿಗೆ, ಒಂದೇ ಜಾಗದಲ್ಲಿ ಅಂತ."

"ಮಾತು ಅಂದ್ರೆ ಮಾತು," ಅಂತ ಓನರಮ್ಮ ಫ್ರೇಮಣ್ಣನ ಕಡೆ ತಿರುಗಿದ್ರು. "ಬೆಕ್ಕು ಇರ್ಲಿ, ಮ್ಯಾಟೂ ಅದಕ್ಕೇ ಇರ್ಲಿ. ಆದ್ರೆ ಇದು ತಾನಾಗಿ ಮೆಟ್ಟಿಲು ಹತ್ತಲ್ಲ. ಅಂದ್ರೆ ಇದನ್ನ ಎತ್ಕೊಂಡು ಬಂದು, ನನ್ನ ಬಾಗಿಲಲ್ಲಿ ಕೂರ್ಸಿ, ಮುಗಿಯೋವರೆಗೂ ಕಾದು, ಕರ್ಕೊಂಡು ಹೋದೋನು ನೀನು."

ಒಂದು 'ಇಲ್ಲ' ಅಂದಿದ್ರೆ ಸಾಕಿತ್ತು. ನಾವೆಲ್ಲ ಅವನ ಬಾಯಿನೇ ನೋಡ್ತಿದ್ವಿ.

"ತಪ್ಪಾಯ್ತಮ್ಮ," ಅಂದ ಫ್ರೇಮಣ್ಣ.

ಮೇಲೆ ಹೊಸ ಮ್ಯಾಟು ಬಂತು. ಅದು ಕೊಳೆಯಾದಾಗಲೆಲ್ಲ ಫ್ರೇಮಣ್ಣ ಒಗೀಬೇಕು ಅಂತ ತೀರ್ಪಾಯ್ತು. ಅದೂ ದಿನ ಬಿಟ್ಟು ದಿನ ಕೊಳೆಯಾಗುತ್ತೆ. ಇಸ್ತ್ರಿ ಕೆಳಗೆ ತನ್ನ ಮ್ಯಾಟಿನ ಮೇಲೆ ಹಾಯಾಗಿದ್ದಾಳೆ, ಇವನು ಮೇಲಿನ ಮ್ಯಾಟು ಒಗೆದು ಒಗೆದು ಸವೀತಿದಾನೆ. ಮೊನ್ನೆ ನನ್ನ ಹತ್ರ ಬಂದು, "ಅಜ್ಜಿ, ನಿದ್ದೆಗಣ್ಣಲ್ಲಿ ನಾನೇ ಅವಳನ್ನ ಎತ್ಕೊಂಡು ಹೋಗ್ತಿದೀನೇನೋ ಅಂತ ಅನುಮಾನ," ಅಂದ.

"ಇದ್ರೂ ಇರಬಹುದಪ್ಪ," ಅಂದೆ ನಾನು, ವಾಕಿಂಗ್ ಮುಗಿಸಿ ಬಂದ ಗುಂಡನಿಗೆ ಹಾಲು ಹಾಕ್ತಾ.

ಮೊದಲೇ ಹೇಳಿದ್ನಲ್ಲ, ಮೂಗಿನಲ್ಲೇ ಕಂಡುಹಿಡಿದು ಹೇಳಿಬಿಡ್ತೀನಿ ಅಂತ. ಕಂಡುಹಿಡಿಯೋದು ನಿಜ, ಹೇಳಿಬಿಡೋದು ಸುಳ್ಳು. ಹಾಗಾಗಿ ಆ ಮ್ಯಾಟು ಯಾರ ಕೆಲಸ ಅಂತ ನೀವೇ ಊಹೆ ಮಾಡಿ. ಊಹೆ ಮಾಡುವಾಗ ಗುಂಡನ ಕಡೆ ಮಾತ್ರ ಹಾಗೆ ನೋಡ್ಬೇಡಿ, ಅವನಿಗೆ ನಾಚಿಕೆ ಜಾಸ್ತಿ.