ಪಕ್ಕದ ಸೀಟಿನ ಬ್ರೇಕು

ಕಾರು ಬಿಡಲು ಕಲಿಯುವುದು ಕಷ್ಟವೇನಲ್ಲ. ಕಾರು ಬಿಡಲು ಬಾರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಬಿಡುವುದಿದೆಯಲ್ಲ, ಅದು ಕಷ್ಟ. ಹೀಗೆಂದು ಹೇಳುತ್ತಿರುವ ನಾನು ಅಂಜುಬುರುಕಿ ಎಂದು ಯಾರೂ ತಿಳಿಯಬೇಕಾಗಿಲ್ಲ. ತಿರುವನಂತಪುರದ ಸೆಕ್ರೆಟೇರಿಯಟ್ಟಿನಲ್ಲಿ ನಾನು ಸೆಕ್ಷನ್ ಆಫೀಸರು. ಹನ್ನೊಂದು ಮಂದಿ ನನ್ನ ಕೈಕೆಳಗೆ. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಸಾಕು, ಎದುರಿನ ಮೇಜಿನಲ್ಲಿ ನಡೆಯುತ್ತಿದ್ದ ಹರಟೆ ತಾನಾಗಿ ನಿಲ್ಲುತ್ತದೆ. ಬೆಳಗಿನ ಒಂಬತ್ತೂವರೆಗೆ ತಂಪಾನೂರಿನ ಬಸ್ ಸ್ಟ್ಯಾಂಡಿನ ಎದುರು, ನಾಲ್ಕು ಬಸ್ಸು ಏಳು ಆಟೋಗಳ ನಡುವಿನಿಂದ ನನ್ನ ಮಾರುತಿಯನ್ನು ಒಂದು ಗೀರೂ ಬೀಳದಂತೆ ಹೊರತೆಗೆಯುವ ಹೆಂಗಸು ನಾನು. ಲೈಸೆನ್ಸ್ ಪರೀಕ್ಷೆಯಲ್ಲಿ ಕಂಬಗಳ ನಡುವೆ ಹಿಂದೆ ಮುಂದೆ ಓಡಿಸಿ ‘ಎಚ್’ ಬರೆದು ತೋರಿಸಬೇಕಿತ್ತು. ಅದರಲ್ಲಿ ಮೂರು ಸಲ ಕಂಬ ಬೀಳಿಸಿದ್ದು ನಿಜ. ಆದರೆ ಅದು ಹಳೆಯ ಮಾತು. ಈಗ ನನ್ನನ್ನು ಹೆದರಿಸಬಲ್ಲ ವಾಹನ ಈ ರಸ್ತೆಯಲ್ಲಿಲ್ಲ. ಹೆದರಿಸಬಲ್ಲ ಪ್ರಯಾಣಿಕರು ಮಾತ್ರ ಒಬ್ಬರಿದ್ದಾರೆ, ನಮ್ಮ ಅಪ್ಪ.

ಅಪ್ಪನಿಗೆ ಕಾರು ಹೋಗಲಿ, ಸೈಕಲ್ಲೂ ಬಾರದು. ಆದರೆ ಕಾಸರಗೋಡಿನ ಕಡೆ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಅದರಲ್ಲೂ ನಿವೃತ್ತಿಯವರೆಗಿನ ಕೊನೆಯ ಹದಿನೈದು ವರ್ಷ ರಸ್ತೆ ಅಪಘಾತದ ಕೇಸುಗಳನ್ನೇ ನೋಡಿಕೊಂಡವರು. ಬೇರೆಯವರು ರಸ್ತೆಯಲ್ಲಿ ತಿರುವು ಕಾಣುತ್ತಾರೆ, ಅಪ್ಪ ಅಲ್ಲಿ ಫೈಲು ಕಾಣುತ್ತಾರೆ. ಶಾಲೆಯ ಮುಂದಿನ ಉಬ್ಬು ಬಂದರೆ ಸ್ಕೂಟರಿನವನು ಹಾರಿ ಬಿದ್ದ ಕೇಸು, ಮೀನಿನ ಲಾರಿ ಬಂದರೆ ಅದರ ನೀರು ಸೋರಿ ಬೈಕು ಜಾರಿದ ಕೇಸು, ರಸ್ತೆಯಲ್ಲಿ ಏನೂ ಇಲ್ಲದಿದ್ದರೆ ಏನೂ ಇಲ್ಲದ ರಸ್ತೆಯಲ್ಲಿ ಜೀಪು ಮಗುಚಿದ ಕೇಸು. ಟಾರಿನ ಅಂಚಿನಿಂದ ಎಷ್ಟು ಅಡಿ, ಸಾಕ್ಷಿ ಎಷ್ಟು ಮಂದಿ, ಎಲ್ಲ ಬಾಯಿಪಾಠ. ಅವರ ಲೆಕ್ಕದಲ್ಲಿ ರಸ್ತೆಯ ಮೇಲೆ ಮನುಷ್ಯರೇ ಇಲ್ಲ. ನಡೆದು ಹೋಗುವವರೆಲ್ಲ ಅರ್ಜಿದಾರರು, ವಾಹನ ಬಿಡುವವರೆಲ್ಲ ಎದುರುದಾರರು. ಹಾಗಾಗಿ ಅವರು ಪಕ್ಕದಲ್ಲಿ ಕೂತ ಕ್ಷಣದಿಂದ ನಾನು ಅವರ ಮಗಳಲ್ಲ, ಒಂದನೇ ಎದುರುದಾರಳು. ‘ಎಡಕ್ಕೆ ಹೋಗು’, ‘ಹಾರ್ನ್ ಹಾಕು’, ‘ಆ ಅಜ್ಜಿ ದಾಟ್ಲಿಕ್ಕೂ ಸಾಕು’ ಎನ್ನುತ್ತ ಬಲಗಾಲನ್ನು ಕಾರಿನ ನೆಲಕ್ಕೆ ಒತ್ತಿ ಹಿಡಿಯುತ್ತಾರೆ. ಅಲ್ಲಿ ಬ್ರೇಕು ಇಲ್ಲ ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ಅವರ ಕಾಲಿನ ಕೆಳಗಿನ ಮ್ಯಾಟು ಸವೆದು ತೂತಾಗಿದೆ. ನಾನು ನಿಜವಾಗಿ ಬ್ರೇಕು ಒತ್ತುವ ಕಡೆಯ ಮ್ಯಾಟು ಇನ್ನೂ ಹೊಸದರಂತಿದೆ.

ಇಷ್ಟೆಲ್ಲ ಗೊತ್ತಿದ್ದೂ ಆ ದಿನ ಅವರನ್ನು ಕಾರಿಗೆ ಹತ್ತಿಸಿಕೊಂಡದ್ದು ನನ್ನದೇ ತಪ್ಪು. ನನ್ನ ಮಗಳು ಮೈತ್ರಿಗೆ ಇನ್ನೂರು ಕಿಲೋಮೀಟರು ಆಚೆಯ ಕಳಮಶ್ಶೇರಿಯ ಕಾಲೇಜೊಂದರಲ್ಲಿ ಸೀಟು ಸಿಗುವಂತಾಗಿತ್ತು. ಮಧ್ಯಾಹ್ನ ಒಂದು ಗಂಟೆಗೆ ಹೆಸರು ಕೂಗುತ್ತಾರೆ. ಕೂಗಿದಾಗ ಅಸಲು ಸರ್ಟಿಫಿಕೇಟುಗಳ ಸಮೇತ ಎದುರಿಗೆ ನಿಂತಿರಬೇಕು, ಇಲ್ಲದಿದ್ದರೆ ಸೀಟು ಪಟ್ಟಿಯ ಮುಂದಿನವರಿಗೆ. ಎರಡು ವರ್ಷ ಟ್ಯೂಷನ್ನು, ನಿದ್ದೆಗೆಟ್ಟ ಓದು, ಅತ್ತದ್ದು ಕರೆದದ್ದು ಎಲ್ಲ ಆ ಒಂದು ಗಂಟೆಯ ಮೇಲೆ ನಿಂತಿತ್ತು. ನಮ್ಮ ಯಜಮಾನರು ಆಫೀಸಿನ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದರು. ಫೋನಿನಲ್ಲಿ ‘ರೈಲಿಗೆ ಹೋಗಿ’ ಎಂದರು. ಹಾಸಿಗೆ, ಬಕೆಟ್ಟು, ಪುಸ್ತಕ ಹೊತ್ತುಕೊಂಡು ಯಾರು ರೈಲು ಹತ್ತುತ್ತಾರೆ, ನನಗೆ ಕಾರು ಬಿಡಲು ಬರುವುದಿಲ್ಲವೇ ಎಂದು ನಾನು ಹಟ ಹಿಡಿದೆ. ನಮ್ಮಲ್ಲಿಗೆ ಬಂದು ಉಳಿದಿದ್ದ ಅಪ್ಪ ಬೆಳಿಗ್ಗೆ ಐದಕ್ಕೇ ಮಿಂದು, ಬಿಳಿ ಪಂಚೆ ಉಟ್ಟು, ಯಾರೂ ಕರೆಯದಿದ್ದರೂ ಮುಂದಿನ ಸೀಟಿನಲ್ಲಿ ಕೂತಿದ್ದರು. ಮೊಮ್ಮಗಳ ಕಾಲೇಜು ನೋಡಬೇಕು ಎಂದರು. ಬೇಡ ಎನ್ನಲು ಯಾವ ಮಗಳಿಗೆ ಬಾಯಿ ಬರುತ್ತದೆ?

ಆರು ಗಂಟೆಗೆ ಹೊರಟೆವು. ಆಟ್ಟಿಂಗಲ್ ಬರುವುದರೊಳಗೆ ಅಪ್ಪ ಆರು ಕೇಸು ಮುಗಿಸಿದ್ದರು. ಮುಂದೆ ಹೋಗುವ ಬಸ್ಸನ್ನು ಹಿಂದೆ ಹಾಕಲು ನಾನು ಗೇರು ಬದಲಿಸಿದರೆ ಅವರ ಕಾಲು ನೆಲ ಒತ್ತುತ್ತದೆ, ಉಸಿರು ಒಳಗೆ ಹೋಗುತ್ತದೆ. ಆ ಉಸಿರಿನ ಸದ್ದಿಗೆ ನನ್ನ ಕಾಲು ತಾನಾಗಿ ನಿಜವಾದ ಬ್ರೇಕಿನ ಮೇಲೆ ಹೋಗುತ್ತದೆ, ಬಸ್ಸು ಮತ್ತೆ ನಮ್ಮೆದುರು ಹೊಗೆ ಬಿಡುತ್ತದೆ. ಹಿಂದಿನ ಸೀಟಿನಲ್ಲಿ ಹಾಸಿಗೆಯ ಸುರುಳಿಗೆ ಒರಗಿದ್ದ ಮೈತ್ರಿ ಗಡಿಯಾರ ನೋಡಿಕೊಂಡು, ಹೀಗೆ ಹೋದರೆ ನಾವು ಮುಂದಿನ ವರ್ಷದ ಅಡ್ಮಿಷನ್ನಿಗೆ ತಲುಪುತ್ತೇವೆ ಎಂದು ಮಲಯಾಳದಲ್ಲಿ ಗೊಣಗಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಸಿಟ್ಟು ಬಂದಾಗ ಬಾಯಿಂದ ಬರುವುದು ಮಲಯಾಳವೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಆ ಗಾಡಿಯ ನೊಗ ನಾನಾಗಿದ್ದೆ. ಕೊಲ್ಲಂ ದಾಟುವಾಗ ಎಂಟೂವರೆ. ಕಾಯಂಕುಳದಲ್ಲಿ ಸಿಗ್ನಲ್ ಹಸಿರಾದ ಮೇಲೂ ಅಪ್ಪ ಎರಡೂ ಕಡೆ ನೋಡಿ ಅನುಮತಿ ಕೊಡುವವರೆಗೆ ನಿಂತಿದ್ದೆ. ಹಿಂದಿನ ಲಾರಿಯವನು ನನ್ನ ವಂಶವನ್ನೆಲ್ಲ ನೆನೆಸಿಕೊಂಡ. ಸೆಕ್ರೆಟೇರಿಯಟ್ಟಿನವರು ಯಾರೂ ಆ ಹೊತ್ತಿಗೆ ಅಲ್ಲಿರಲಿಲ್ಲವೆಂಬುದೇ ನನ್ನ ಪುಣ್ಯ.

ಹರಿಪಾಡ್ ಹತ್ತಿರ ನನ್ನ ತಾಳ್ಮೆ ಮುಗಿಯಿತು. ಗಂಟೆ ಹತ್ತು ಇಪ್ಪತ್ತು, ಇನ್ನೂ ಅರ್ಧದಷ್ಟು ದಾರಿ ಬಾಕಿ. ಅಪ್ಪ ಎತ್ತಿನ ಗಾಡಿಯೊಂದರ ಕೇಸು ಶುರುಮಾಡಿದ್ದರು. ಈ ರಸ್ತೆಯಲ್ಲಿ ಎತ್ತಿನ ಗಾಡಿ ಎಲ್ಲಿದೆ ಅಪ್ಪ ಎಂದೆ. ‘ಅದೇ ಅಪಾಯ ಮಾರಾಯ್ತಿ, ಇಲ್ಲ ಅಂತ ನಾವು ಹೋಗುದು, ಆಗ ಬರ್ತದೆ’ ಎಂದರು. ನಾನು ಚಹದಂಗಡಿಯೊಂದರ ಮುಂದೆ ಕಾರು ನಿಲ್ಲಿಸಿದೆ, ಕೆಳಗಿಳಿದೆ, ಬಾಗಿಲು ಧಡಾರನೆ ಹಾಕಿದೆ. ನನಗೆ ನಲವತ್ತಾರು ವರ್ಷ, ನಾನು ಆಫೀಸು ನಡೆಸುತ್ತೇನೆ, ಮನೆ ನಡೆಸುತ್ತೇನೆ, ನಿಮ್ಮನ್ನು ಕೂರಿಸಿಕೊಂಡು ಕಾರು ಮಾತ್ರ ನಡೆಸಲಾರೆ, ಯಾರಿಗೆ ಬೇಕೋ ಅವರು ಬಿಡಿ ಎಂದು ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತೆ. ಚಹದವನು ಕೇಳದೆಯೇ ಒಂದು ಗ್ಲಾಸು ತಂದಿಟ್ಟ. ಅವನಿಗೂ ಅಪ್ಪ ಇದ್ದಿರಬೇಕು.

ಚಹ ಅರ್ಧ ಕುಡಿದು ತಲೆಯೆತ್ತಿದರೆ ಸ್ಟಿಯರಿಂಗಿನ ಹಿಂದೆ ಮೈತ್ರಿ ಕೂತಿದ್ದಾಳೆ. ಹದಿನೆಂಟು ತುಂಬಿ ಮೂರು ತಿಂಗಳಾದ ಹುಡುಗಿ. ಒಂದೇ ಸಲಕ್ಕೆ ‘ಎಚ್’ ಬರೆದು ಲೈಸೆನ್ಸ್ ತೆಗೆದವಳು ನಿಜ, ಆದರೆ ಭಾನುವಾರ ಖಾಲಿ ಮೈದಾನದಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಅವಳ ಕೈಗೆ ಕಾರು ಕೊಟ್ಟದ್ದಿಲ್ಲ. ‘ನೋ’ ಎಂದೆ. ಅವಳು ತನ್ನ ಗಡಿಯಾರ ತೋರಿಸಿದಳು. ಯಾರಿಗೆ ಬೇಕೋ ಅವರು ಬಿಡಿ ಎಂದವಳು ನಾನೇ. ಸೀಟು ಹೋದರೆ ಈ ಹುಡುಗಿಗೆ ಯಾವ ಮುಖ ತೋರಿಸಲಿ? ಅಪ್ಪ ತಾವಾಗಿಯೇ ಇಳಿದು, ಹಿಂದಿನ ಸೀಟಿಗೆ ಹೋಗಿ, ಹಾಸಿಗೆಯ ಸುರುಳಿಯನ್ನು ತಲೆಗೆ ಸರಿಮಾಡಿಕೊಂಡರು. ನಾನು ಬೇರೆ ದಾರಿಯಿಲ್ಲದೆ ಪಕ್ಕದ ಸೀಟಿನಲ್ಲಿ ಕೂತೆ.

ಅಲ್ಲಿಂದ ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಂಬಲಪುಳ ಬರುವವರೆಗೆ ನಾನು ಬಾಯಿ ಬಿಗಿಹಿಡಿದಿದ್ದೆ. ಆಮೇಲೆ ಬಸ್ಸೊಂದು ಹತ್ತಿರದಿಂದ ಹೋಯಿತು, ‘ಎಡಕ್ಕೆ’ ಎಂದೆ. ಆಲಪ್ಪುಳದ ಪೇಟೆಯಲ್ಲಿ ‘ಹಾರ್ನ್’ ಎಂದೆ. ಚೇರ್ತಲದಲ್ಲಿ ಸೈಕಲ್ಲಿನವನೊಬ್ಬ ದೂರದಲ್ಲಿ ಕಂಡಾಗ ಯಾವ ಶಬ್ದ ಮಾಡಿದೆನೋ ನನಗೇ ಗೊತ್ತಿಲ್ಲ. ಹುಡುಗಿ ಚೆನ್ನಾಗಿಯೇ ಬಿಡುತ್ತಿದ್ದಳು, ಒಪ್ಪಬೇಕಾದ ಮಾತೇ. ಹಿತ್ತಲ ಗಿಡ ಮದ್ದಲ್ಲ ನೋಡಿ. ಕೊನೆಗೆ ಅವಳು ರಸ್ತೆಯಿಂದ ಕಣ್ಣು ತೆಗೆಯದೆ, ‘ಅಮ್ಮೇ, ಆ ಕಾಲೊಂದು ಎತ್ತಬಹುದಾ? ಅಲ್ಲಿ ಬ್ರೇಕಿಲ್ಲ’ ಎಂದಳು. ಕೆಳಗೆ ನೋಡಿಕೊಂಡೆ. ನನ್ನ ಬಲಗಾಲು ನೆಲಕ್ಕೆ ಒತ್ತಿಕೊಂಡಿತ್ತು, ಮ್ಯಾಟಿನ ತೂತಿನಲ್ಲಿ ಹೆಬ್ಬೆರಳು ಸಿಕ್ಕಿತ್ತು. ಅಪ್ಪನ ಮುಂದೆ ಅವಮಾನವಾಯಿತಲ್ಲ ಎಂದು ಹಿಂತಿರುಗಿದರೆ ಅಪ್ಪ ಗಾಢ ನಿದ್ದೆಯಲ್ಲಿದ್ದರು, ಬಾಯಿ ತೆರೆದು ಗೊರಕೆ ಹೊಡೆಯುತ್ತ.

ಹನ್ನೆರಡು ಮುಕ್ಕಾಲಿಗೆ ಕಳಮಶ್ಶೇರಿ ಮುಟ್ಟಿದೆವು. ಒಂದು ಹತ್ತಕ್ಕೆ ಹೆಸರು ಕೂಗಿದರು, ಮೈತ್ರಿ ಎದುರಿಗೆ ನಿಂತಿದ್ದಳು, ಸೀಟು ಸಿಕ್ಕಿತು. ಅವಳು ಫಾರಂ ತುಂಬಿಸುತ್ತಿದ್ದಾಗ ನಾನು ಮತ್ತು ಅಪ್ಪ ಮರದ ನೆರಳಿನಲ್ಲಿ ನಿಂತಿದ್ದೆವು. ಸಂತೋಷದ ಹೊತ್ತು, ಸುಮ್ಮನಿರಬಹುದಿತ್ತು. ನನ್ನಿಂದಾಗಲಿಲ್ಲ. ಇಪ್ಪತ್ತು ವರ್ಷಕ್ಕೆ ಹತ್ತಿರ ಸರ್ಕಾರಿ ಕೆಲಸ ಮಾಡಿದ ನಾನು ಕಾರು ಬಿಡುವಾಗ ಕಣ್ಣು ಮಿಟುಕಿಸದವರು, ಮೊನ್ನೆ ಮೊನ್ನೆ ಲೈಸೆನ್ಸ್ ತೆಗೆದ ಹುಡುಗಿ ಬಿಡುವಾಗ ಅದು ಹೇಗೆ ನಿದ್ದೆ ಮಾಡಿದಿರಿ ಎಂದು ಕೇಳಿಯೇ ಬಿಟ್ಟೆ. ಅಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

‘ಅವಳಿಗೆ ನೀನು ಇದ್ದೆಯಲ್ಲ, ನೋಡ್ಲಿಕ್ಕೆ. ನಿನಗೆ ನಾನಲ್ಲದೆ ಯಾರುಂಟು?’

ಸೆಕ್ಷನ್ ಆಫೀಸರಾದ ಮೇಲೆ ನನ್ನನ್ನು ನೋಡಿಕೊಳ್ಳಲು ಒಬ್ಬರು ಬೇಕೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ.

ಅಂದಿನಿಂದ ನಾನು ತಾಳ್ಮೆಯ ಮೂರ್ತಿಯಾದೆ ಎಂದು ಬರೆದರೆ ಚಂದ, ಆದರೆ ಸುಳ್ಳಾಗುತ್ತದೆ. ಮೈತ್ರಿಯನ್ನು ಹಾಸ್ಟೆಲಿಗೆ ಬಿಟ್ಟು ನಾವಿಬ್ಬರೇ ಹೊರಟು ಪಕ್ಕದ ಎಡಪ್ಪಳ್ಳಿ ಮುಟ್ಟುವುದರೊಳಗೆ ಎರಡು ಸಲ ಜಗಳವಾಗಿತ್ತು. ಅಷ್ಟರಲ್ಲಿ ಹಾಸ್ಟೆಲಿನ ಮುಂದಿನ ದೊಡ್ಡ ರಸ್ತೆಯ ನೆನಪಾಯಿತು. ದಾಟುವಾಗ ಎರಡೂ ಕಡೆ ನೋಡು ಎಂದು ಅವಳಿಗೆ ಹೇಳಲು ಮರೆತಿದ್ದೆ. ಒಂದು ಕೈ ಸ್ಟಿಯರಿಂಗಿನಲ್ಲಿಟ್ಟು ಇನ್ನೊಂದು ಕೈಯಿಂದ ಮೊಬೈಲು ತೆಗೆದೆ. ಬದಿಗೆ ನಿಲ್ಲಿಸಿ ಮಾತಾಡು ಎಂದರು ಅಪ್ಪ. ಜೀವಮಾನದಲ್ಲಿ ಮೊದಲ ಸಲ ಎದುರಾಡದೆ ನಿಲ್ಲಿಸಿದೆ. ಮೈತ್ರಿ ಫೋನ್ ಎತ್ತಿ, ಯಾವ ರಸ್ತೆ, ನಾನು ಎರಡನೇ ಮಹಡಿಯ ಕೋಣೆಯಲ್ಲಿ ಮಂಚದ ಮೇಲೆ ಮಲಗಿದ್ದೇನೆ ಎಂದಳು. ಮಂಚದಿಂದ ಇಳಿಯುವಾಗ ಜೋಪಾನ ಎಂದು ಹೇಳಿ ಫೋನ್ ಇಟ್ಟೆ.