ಕೋಡಿಯ ಮೇಲೆ ಕಾರು

ಈಚೆಗೆ ನಮ್ಮ ಮನೆಯಲ್ಲಿ ಕುಡಿಯಲು ನೀರು ಬೇಕಾದರೂ ನಾನು ತಗ್ಗಿದ ದನಿಯಲ್ಲಿ ಕೇಳುತ್ತೇನೆ. 'ನೀರು' ಎಂಬ ಶಬ್ದ ನನ್ನ ಬಾಯಿಂದ ಬಿದ್ದರೆ ಸಾಕು, ನನ್ನ ಹೆಂಡತಿ ಶಾಂಭವಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ. "ಎಷ್ಟು ಬೇಕ್ರೀ? ಒಂದು ಗ್ಲಾಸೋ, ಒಂದು ಡ್ಯಾಮೋ?" ಎನ್ನುತ್ತಾಳೆ. ಕಟ್ಟಿಕೊಂಡ ಗಂಡ ಬಾಯಾರಿಕೆಯನ್ನು ಹೀಗೆ ಅಂಜಿ ಅಂಜಿ ಅನುಭವಿಸಬೇಕೇ? ನೀವೇ ಹೇಳಿ. ಆದರೆ ಹೇಳುವ ಮೊದಲು ಪೂರ್ತಿ ಕೇಳಿ.

ನಾವು ಬೀದರ್ ಕಡೆಯವರು, ಇರುವುದು ಹೈದರಾಬಾದಿನ ಲಿಂಗಂಪಲ್ಲಿಯ ಅಪಾರ್ಟ್‌ಮೆಂಟೊಂದರಲ್ಲಿ. ಅಲ್ಲಿ ಲಿಫ್ಟಿನಲ್ಲಿ ಯಾರನ್ನು ಮಾತಾಡಿಸಿದರೂ ಅವರಿಗೊಂದು ಫಾರ್ಮ್‌ಹೌಸ್ ಇರುತ್ತದೆ. ನನಗೂ ಪಟಾನ್‌ಚೆರು ದಾಟಿ ಬಹುದೂರ ಹೋದರೆ ಫಾರ್ಮ್ ಇದೆ, ಹೌಸ್ ಇಲ್ಲ. ಆದರೆ ಅವರು ಯಾರಿಗೂ ಇಲ್ಲದ ಒಂದು ಸಂಪತ್ತು ನನಗಿದೆ: ಡ್ಯಾಮ್. ಹಳೆಯ ಮಾಲೀಕರು ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದರು. ಊರವರು ತೆಲುಗಿನಲ್ಲಿ ಅದನ್ನು 'ಕುಂಟ', ಅಂದರೆ ಸಣ್ಣ ಕಟ್ಟೆ, ಎನ್ನುತ್ತಿದ್ದರು. ಶಾಂಭವಿ 'ತಗ್ಗು' ಎನ್ನುತ್ತಿದ್ದಳು. ನಾನು ಬೋರ್ಡ್ ಬರೆಸಿ ನಿಲ್ಲಿಸಿದೆ: 'ಶ್ರೀ ಪರಮೇಶ ಜಲಾಶಯ ಮತ್ತು ವಿಹಾರಧಾಮ'. (ಪರಮೇಶ ಅಂದರೆ ನಾನೇ. ದೇವರೆಂದು ತಿಳಿದು ಒಬ್ಬಿಬ್ಬರು ಬೋರ್ಡಿಗೆ ಕುಂಕುಮ ಹಚ್ಚಿ ಹೋದರು; ನಾನು ತಡೆಯಲಿಲ್ಲ.)

ಏರಿಯ ಒಂದು ತುದಿಗೆ ಕೋಡಿ ಇತ್ತು. ಕೋಡಿ ಎಂದರೆ, ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಗೆ ತೊಂದರೆ ಕೊಡದೆ ಹರಿದುಹೋಗಲೆಂದು ಬಿಟ್ಟ ದಾರಿ. ನಮ್ಮ ಕೋಡಿಗೆ ಅಗಲವಾಗಿ ಶಹಾಬಾದ್ ಫರಸಿ ಕಲ್ಲು ಹಾಸಿದ್ದರು. ಇಡೀ ಹೊಲದಲ್ಲಿ ಮುಳ್ಳು, ಕೆಸರು ಇಲ್ಲದ ಸಪಾಟು ಜಾಗ ಅದೊಂದೇ. ನಾವು ಹೊಲ ಕೊಂಡಾಗಿನಿಂದ ನೀರು ಆ ಕಡೆ ಸುಳಿದೇ ಇರಲಿಲ್ಲ. ಹೀಗಾಗಿ ನೀರಿನ ಜಾಗಕ್ಕೆ ನಾವಿಬ್ಬರು ಜಗಳಕ್ಕೆ ಬಿದ್ದೆವು. ಶಾಂಭವಿಗೆ ಅಲ್ಲಿ ಸಂಡಿಗೆ ಒಣಗಿಸಬೇಕು, ನನಗೆ ಅಲ್ಲಿ ಕಾರು ನಿಲ್ಲಿಸಬೇಕು.

"ಅಪಾರ್ಟ್‌ಮೆಂಟಿನ ಮಾಳಿಗಿ ಮ್ಯಾಲ ಹಾಕಿದ್ರ ಸೆಕ್ರೆಟರಿ ಬೈತಾನ, ಇಲ್ಲಿ ನೀವು ಬೈತೀರಿ. ಸಂಡಿಗಿ ಎಲ್ಲಿ ಹಾಕ್ಲಿ, ನಿಮ್ಮ ತಲಿ ಮ್ಯಾಲ?"

"ಕಾರು ಕೆಸರಾಗ ಹುಗಿದ್ರ ಮನಿಗೆ ಹೆಂಗ ಹೋಗ್ತಿ? ಸಂಡಿಗಿ ಮ್ಯಾಲ ಕುಂತು ಹೋಗ್ತೀಯೇನು?"

ಕೊನೆಗೆ ಒಪ್ಪಂದವಾಯಿತು. ಬೇಸಿಗೆ ಅವಳಿಗೆ, ಉಳಿದ ಕಾಲ ನನಗೆ. ಮಳೆಗಾಲ ಪೂರ್ತಿ ನನ್ನ ಪಾಲಿಗೆ ಬಂದದ್ದನ್ನು ನಾನು ದೊಡ್ಡ ಗೆಲುವೆಂದೇ ಭಾವಿಸಿದೆ.

ಸುರಕ್ಷತೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಜಲಾಶಯದಲ್ಲಿ ಈಜುವಂತಿಲ್ಲ. ಏರಿಯ ಮೇಲೆ ಓಡುವಂತಿಲ್ಲ. ನಾನು ತಂದಿಟ್ಟಿದ್ದ ಬಾತುಕೋಳಿ ಮೂತಿಯ ಪೆಡಲ್ ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲದೆ ಕೂರುವಂತಿಲ್ಲ. (ಜಾಕೆಟ್ ಇದ್ದದ್ದು ಒಂದೇ. ಅದು ನನ್ನ ಅಳತೆಯದು.) ಕಾರಿನ ಕೀ ನನ್ನ ಜೇಬು ಬಿಟ್ಟು ಹೋಗುವಂತಿಲ್ಲ, ಶಾಂಭವಿ ನನಗಿಂತ ಚೆನ್ನಾಗಿ ಕಾರು ನಡೆಸುತ್ತಾಳೆ, ಅದಕ್ಕಾಗಿಯೇ ಈ ನಿಯಮ. ಇನ್ನು, ನಿಲ್ಲಿಸಿದ ಕಾರು ಹಿಂದಕ್ಕೆ ಜಾರಿ ನೀರಿಗೆ ಬಿದ್ದರೆ? ಅದಕ್ಕೂ ಮುಂಜಾಗ್ರತೆ ವಹಿಸಿದೆ. ಕೋಡಿಯ ಬಾಯಿಗೆ ಅಡ್ಡಲಾಗಿ ಮೊಣಕಾಲೆತ್ತರದ ಇಟ್ಟಿಗೆ ಗೋಡೆ ಕಟ್ಟಿಸಿದೆ.

"ಅಲ್ರೀ, ಹಿಂಗ ಕಟ್ಟಿದ್ರ ನೀರು ಎಲ್ಲಿಂದ ಹೋಗಬೇಕು?" ಎಂದಳು ಶಾಂಭವಿ.

"ಯಾವ ನೀರು?" ಎಂದೆ.

ಅವಳು ತಿರುಗಿ ನೋಡಿದಳು. ನೀರು ಎಲ್ಲೋ ತಳದಲ್ಲಿ ಮಲಗಿತ್ತು. ಆ ವಾದದಲ್ಲಿ ಗೆದ್ದವನು ನಾನು. (ಆಮೇಲೆ ಯಾವ ವಾದದಲ್ಲೂ ಗೆದ್ದಿಲ್ಲ.)

ಏರಿಯ ಕೆಳಗೆ ಗದಿಗೆಮ್ಮನ ತಗಡಿನ ಮನೆ, ಅದಕ್ಕೆ ಅಂಟಿಕೊಂಡು ಎಮ್ಮೆಗಳ ಕೊಟ್ಟಿಗೆ. ಯಾದಗಿರಿ ಕಡೆಯವಳು, ಹಾಲು ಮಾರಿ ಬದುಕುವವಳು. ಅವಳಿಗೂ ಶಾಂಭವಿಗೂ ಭಾರೀ ಗೆಳೆತನ. ನಾವು ಹೋದಾಗಲೆಲ್ಲ ಇಬ್ಬರೂ ಕೂತು ನನ್ನ ವಿಷಯ ಮಾತಾಡುತ್ತಾರೆ.

ದಸರೆ ಹೊತ್ತಿನ ಬತುಕಮ್ಮ ಹಬ್ಬದ ರಜೆಗೆ ಶಾಂಭವಿಯ ಅಣ್ಣ ಗುರುಶಾಂತ ಭಾವನವರು ಕಲಬುರಗಿಯಿಂದ ಬಂದರು. ಇವರ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಮದುವೆಯ ದಿನದಿಂದ ಇವರು ನನ್ನದೆಂಬ ಯಾವ ವಸ್ತುವನ್ನೂ ಹೊಗಳಿದವರಲ್ಲ. ಹೊಸ ಮನೆ ತೋರಿಸಿದೆ, "ಹೂಂ" ಎಂದರು. ಪ್ರಮೋಶನ್ ಆಯಿತೆಂದೆ, "ಹೂಂ" ಎಂದರು. ಅವರ ಬಾಯಿಂದ 'ಭಾಳ ಛಲೋ ಐತಿ' ಎಂಬ ಮಾತು ಕೇಳಿಯೇ ಕಣ್ಣು ಮುಚ್ಚಬೇಕೆಂದು ನನ್ನ ಆಸೆ.

ಆ ವಾರವೆಲ್ಲ ಮಳೆ ಹಿಡಿದಿತ್ತು. ಭಾನುವಾರ ಮಳೆ ಬಿಟ್ಟಾಗ ಭಾವನವರನ್ನು ಕರೆದುಕೊಂಡು ಹೋಗಿ ನೋಡುತ್ತೇನೆ, ಜಲಾಶಯ ಭರ್ತಿ! ನೀರು ನನ್ನ ಗೋಡೆಯ ನೆತ್ತಿಯವರೆಗೂ ಬಂದು ನಿಂತಿದೆ. ಕಾರನ್ನು ಎಂದಿನಂತೆ ಕೋಡಿಯ ಮೇಲೆ ನಿಲ್ಲಿಸಿ ಇಳಿದೆ.

"ನೋಡ್ರಿ ಭಾವಾರ, ಈ ಗ್ವಾಡಿ ಇರಲಿಲ್ಲಂದ್ರ ಇಷ್ಟು ನೀರು ಸುಮ್ಮನ ಹರಿದು ಹೋಗ್ತಿತ್ತು."

"ಹೂಂ" ಎಂದರು ಭಾವನವರು.

ಜಲವಿಹಾರ ಮಾಡಿಸಿದರೆ ಮನಸ್ಸು ಕರಗೀತು ಎಂದುಕೊಂಡು ದೋಣಿಗೆ ಹತ್ತಿಸಿದೆ. ಜಾಕೆಟ್ ಅವರ ಹೊಟ್ಟೆಗೆ ಆಗಲಿಲ್ಲವಾದ್ದರಿಂದ ನಾನೇ ಹಾಕಿಕೊಂಡೆ. ನಡುನೀರಿಗೆ ಹೋಗುತ್ತಲೇ ಅವರ ಕಾಲಡಿಯ ಪೆಡಲ್ ಲಟಕ್ಕನೆ ಮುರಿಯಿತು. ನನ್ನ ಕಡೆಯದು ಗಟ್ಟಿಯಾಗಿತ್ತು. ನಾನು ತುಳಿದಷ್ಟೂ ಬಾತುಕೋಳಿ ನಿಂತಲ್ಲೇ ಗಿರಗಿರ ತಿರುಗಿತು.

ಆಗ ಗದಿಗೆಮ್ಮ ಏರಿ ಹತ್ತಿ ಓಡಿಬಂದಳು. "ಅಕ್ಕಾರ, ಏರಿ ಬುಡದಾಗ ನೀರು ಒಸರಾಕತ್ತೈತ್ರಿ! ಮುಂಜಾನಿ ಬರೇ ಹಸಿ ಇತ್ತು, ಈಗ ಕೆಸರ ನೀರು ಹರಿಯಾಕತ್ತೈತಿ. ಕೊಟ್ಟಿಗಿಗೆ ಬಂತ್ರಿ!"

ದೋಣಿ ತಿರುಗುತ್ತಿದ್ದುದರಿಂದ ಈ ಸುದ್ದಿ ನನಗೆ ತುಂಡು ತುಂಡಾಗಿ ತಲುಪಿತು. ಒಂದು ಸುತ್ತಿನಲ್ಲಿ ಗದಿಗೆಮ್ಮ ಎದೆ ಬಡಿದುಕೊಳ್ಳುವುದು ಕಂಡಿತು. ಮುಂದಿನ ಸುತ್ತಿನಲ್ಲಿ ಶಾಂಭವಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಕಂಡಿತು. ಎರಡನೆಯದನ್ನು ನೋಡಿಯೇ ನಾನು ಹೆಚ್ಚು ಹೆದರಿದೆ.

"ರೀ! ಗ್ವಾಡಿ ಒಡದು ನೀರು ಬಿಡಬೇಕು! ಮೊದಲ ಕಾರು ತೆಗೀಬೇಕು! ಕೀ ತರ್ರಿ!"

"ಬರಾಕತ್ತೀನಿ!" ಎಂದು ಕೂಗಿದೆ. ಕೂಗುವಾಗ ನನ್ನ ಮುಖ ಆಚೆ ದಂಡೆಗಿತ್ತು.

"ಬರಬ್ಯಾಡ್ರಿ, ಒಗೀರಿ!"

ನಾನು ಕಾಲೇಜಿನ ಕ್ರಿಕೆಟ್ ತಂಡದಲ್ಲಿದ್ದವನು (ಸ್ಕೋರ್ ಬರೆಯಲು). ಗುರಿಯಿಟ್ಟು ಎಸೆದೆ. ಕೀ ಅಂದವಾಗಿ ಮೇಲೆದ್ದು, ಬಿಸಿಲಿಗೆ ಮಿನುಗಿ, ದೋಣಿಗೂ ಏರಿಗೂ ನಡುವೆ ನೀರಿಗೆ ಬಿತ್ತು.

"ಹೂಂ" ಎಂದರು ಭಾವನವರು.

ಏರಿಯ ಆಚೆಯಿಂದ ಗದಿಗೆಮ್ಮ ಎಮ್ಮೆಗಳನ್ನು ಹೆಸರು ಹಿಡಿದು ಕರೆಯುವುದು ಕೇಳಿಸಿತು. ದನಿ ನಡುಗುತ್ತಿತ್ತು. ಆಗಲೇ ನನಗೆ ತಿಳಿದದ್ದು: ಏರಿ ಒಡೆದರೆ ಮೊದಲು ಕೊಚ್ಚಿಕೊಂಡು ಹೋಗುವುದು ಅವಳ ಮನೆ, ಅವಳ ಎಮ್ಮೆಗಳು. ದಾರಿಗೆ ಗೋಡೆ ಕಟ್ಟಿದವನು ನಾನು. ನಾಚಿಕೆ, ಭಯ ಎರಡೂ ಒಟ್ಟಿಗೆ ಬಂದವು. "ಶಾಂಭವೀ, ಕಾರು ಹೋದ್ರ ಹೋಗ್ಲಿ! ನನ್ನ ಅಪ್ಪಣಿ ಐತಿ!" ಎಂದು ಕಿರುಚಿದೆ. ಅಷ್ಟು ದೊಡ್ಡ ತ್ಯಾಗದ ಮಾತನ್ನು ನಾನು ಬದುಕಿನಲ್ಲಿ ಬೇರೆ ಆಡಿಲ್ಲ.

ಆದರೆ ದೋಣಿ ಈ ಕಡೆ ತಿರುಗುವಷ್ಟರಲ್ಲಿ ಅವಳು ಹಾರೆಯಿಂದ ಕಾರಿನ ಗಾಜು ಒಡೆದಾಗಿತ್ತು. ಒಳಗೆ ಕೈ ಹಾಕಿ, ಗೇರು ತಪ್ಪಿಸಿ, ಹ್ಯಾಂಡ್ ಬ್ರೇಕ್ ಇಳಿಸಿ, ಹಿಂದಿನಿಂದ ಒಂದು ದಬ್ಬು ದಬ್ಬಿದಳು. ನನ್ನ ಕಾರು ಯಾವ ಅವಸರವೂ ಇಲ್ಲದೆ ಕೋಡಿ ಇಳಿದು, ಕೆಳಗಿನ ಕಾಲುವೆಗೆ ಮೂಗು ಕೊಟ್ಟು ನಿಂತಿತು. ಆಮೇಲೆ ಗೋಡೆಗೆ ಬಿತ್ತು ಹಾರೆಯ ಏಟು. ಇಟ್ಟಿಗೆಗಳು ಒಂದೊಂದಾಗಿ ಉದುರಿದವು. ತುಂಬಿದ ನೀರು ಭೋರೆಂದು ಕೋಡಿಗೆ ನುಗ್ಗಿ, ಕಾಲುವೆಗೆ ಇಳಿದು, ಕಾರಿನ ಒಡೆದ ಕಿಟಕಿಯಿಂದ ಒಳಗೆ ಹೋಗಿ ಸೀಟುಗಳ ಮೇಲೆಲ್ಲ ಓಡಾಡಿ ಹೊರಗೆ ಬಂತು.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ನೀರಿನ ಸೆಳೆತಕ್ಕೆ ನಮ್ಮ ಬಾತುಕೋಳಿ ತಿರುಗುವುದನ್ನು ನಿಲ್ಲಿಸಿ, ಮೊದಲ ಬಾರಿಗೆ ನೆಟ್ಟಗೆ ಹೊರಟಿತು. ಹೋಗಿ ಕೋಡಿಯ ಬಾಯಿಗೆ ಬಿರಡೆಯಂತೆ ಕಚ್ಚಿಕೊಂಡಿತು. ನೀರಿನ ಸದ್ದು ಇಳಿಯಿತು.

"ಪರಮೇಶಪ್ಪಾರ, ಈಗ ನಾವ ಅಡ್ಡ ಆದಿವಿ" ಎಂದರು ಭಾವನವರು.

"ಗ್ವಾಡಿ ಹೋತು, ಕಾರು ಹೋತು, ಇನ್ನ ನೀವ ಅಡ್ಡ ಬಂದ್ರೇನು? ಇಳೀರಿ ಕೆಳಗ!" ಎಂದು ಶಾಂಭವಿ ಅಣ್ಣನಿಗೆ ಕೈ ಕೊಟ್ಟು ಏರಿಗೆ ಎಳೆದುಕೊಂಡಳು. ನನಗೆ ಹಾರೆಯ ತುದಿ ಕೊಟ್ಟಳು. ಆಮೇಲೆ ಬಾತುಕೋಳಿಯ ಕುತ್ತಿಗೆಗೆ ಒಂದೇಟು ಹಾಕಿದಳು. ಅದು ತಲೆ ಇಲ್ಲದೆ ಕಾಲುವೆ ಸೇರಿತು. ಸಂಜೆಗೆ ನೀರು ಇಳಿಯಿತು, ಏರಿಯ ಬುಡದ ಒಸರು ನಿಂತಿತು, ಗದಿಗೆಮ್ಮ ಎಮ್ಮೆಗಳನ್ನು ಮತ್ತೆ ಕಟ್ಟಿ ಶಾಂಭವಿಗೆ ಉಡಿ ತುಂಬಿದಳು. ನನ್ನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು.

ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿ, ಒಳಗಿದ್ದ ಏಡಿಯನ್ನು ಕಂಡು, ಹಾಗೇ ಮುಚ್ಚಿದ. ಕಾರನ್ನು ಟ್ರ್ಯಾಕ್ಟರಿನಿಂದ ಎಳೆಸಿ ಗದಿಗೆಮ್ಮನ ಅಂಗಳದಲ್ಲಿ ನಿಲ್ಲಿಸಿದ್ದೇವೆ. ನಾವೀಗ ಹೊಲಕ್ಕೆ ಹೋಗುವುದು ಬಸ್ಸಿನಲ್ಲಿ. ಕೋಡಿಯ ಪಕ್ಕ ಹೊಸ ಬೋರ್ಡ್ ಬಂದಿದೆ: 'ಇಲ್ಲಿ ಏನನ್ನೂ ಇಡಬಾರದು, ಯಾರೂ ನಿಲ್ಲಬಾರದು. ಶಾಂಭವಿ.' ತನ್ನ ನಿಯಮವನ್ನು ಅವಳು ತಾನೂ ಪಾಲಿಸುತ್ತಾಳೆ. ಹಾಗಾದರೆ ಈ ಬೇಸಿಗೆಯ ಸಂಡಿಗೆ ಎಲ್ಲಿ ಒಣಗಿತು ಎನ್ನುವಿರಾ? ನನ್ನ ಕಾರಿನ ಬಾನೆಟ್ಟು, ಟಾಪು, ಡಿಕ್ಕಿಯ ಮೇಲೆ. ಬಿಸಿಲಿಗೆ ಆ ತಗಡು ಕಾದಷ್ಟು ಫರಸಿ ಎಂದೂ ಕಾದಿರಲಿಲ್ಲವಂತೆ. ಕೋಲು ಹಿಡಿದು ಕಾಗೆ ಓಡಿಸುವ ಕೆಲಸ ನನ್ನದು.

ಮೊನ್ನೆ ಭಾವನವರು ಮತ್ತೆ ಬಂದಿದ್ದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಅರೆ ಒಣಗಿದ ಸಂಡಿಗೆಯೊಂದನ್ನು ಎಬ್ಬಿಸಿ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ಆಮೇಲೆ ಟಾಪನ್ನು ಪ್ರೀತಿಯಿಂದ ತಟ್ಟಿ, "ಪರಮೇಶಪ್ಪಾರ, ನಿಮ್ಮ ಕಾರು ಭಾಳ ಛಲೋ ಐತ್ರಿ" ಎಂದರು.

"ಹೂಂ" ಎಂದೆ ನಾನು.