ಟಿಕ್‌ಟಿಕ್ ಮಿಷಿನ್ನೂ ನನ್ ಜೀವಾನೂ

ಎದೆಗಾರ ಅಂತ ಹೆಸ್ರು ತಗೊಂಡೋನಿಗೇ ನೋಡ್ರಿ, ಹೆದ್ರೋ ಪ್ರಸಂಗ ಹುಡುಕ್ಕೊಂಡು ಬರೋದು.

೧. ಉಸಿರು

ಮೊಳಕಾಲ್ಮೂರು ಕಡೆ ಹಳೇ ಗಣಿ ಮಣ್ಣು ಅಳೆಯಾಕೆ ಒಬ್ರು ಮೇಡಂ ಜೀಪಲ್ಲಿ ಬಂದ್ರು. ದಾರಿ ತೋರ್ಸಾಕೆ ನಾನೇ ಬೇಕು. ಮೂವತ್ತು ವರ್ಷ ಅದೇ ಗಣೀಲಿ ಕಲ್ಲು ಒಡ್ದೋನು, ನನ್ ಬಿಟ್ರೆ ಇನ್ಯಾರು? ಕೈಗೆ ಮಿಷಿನ್ ಕೊಟ್ರು. ಮಣ್ಣಿಗೆ ಹಿಡಿದ್ರೆ ಟಿಕ್, ಟಿಕ್.

"ಏನ್ರೀ ಇದು ಸದ್ದು?"

"ವಿಕಿರಣ, ಅಜ್ಜ. ಮಣ್ಣಲ್ಲಿ ಮೊದಲಿಂದಾನೂ ಇರುತ್ತೆ. ಕಣ್ಣಿಗೆ ಕಾಣಲ್ಲ. ಜಾಸ್ತಿ ಆದ್ರೆ ಮೈಗೆ ಕೆಟ್ಟದ್ದು."

ಮೂವತ್ತು ವರ್ಷ ಆ ಧೂಳು ನುಂಗಿದೀನಿ! ನನ್ನೊಳಗೆ ಎಷ್ಟು ಕೂತೈತೋ! ಇನ್ನಷ್ಟು ಒಳಗೆ ಹೋಗದಿರ್ಲಿ ಅಂತ ಉಸಿರು ಬಿಗಿಹಿಡ್ದು ನಡ್ದೆ.

"ಅಜ್ಜ, ಮುಖ ಕೆಂಪಾಗಿದೆ. ಉಸಿರಾಡಿ!"

"ನೀವಾಡ್ರಿ ಮೇಡಂ. ನಂದು ಬೆಳಿಗ್ಗೆದೇ ಇನ್ನೂ ಐತೆ."

೨. ಕಟ್ಟೆ

ನಮ್ಮೂರ ಕಲ್ಲುಕಟ್ಟೆಗೆ ಹಿಡಿದ್ರು. ಗಣಿಗಿಂತ ಜೋರಾಗಿ ಟಿಕ್‌ಟಿಕ್‌ಟಿಕ್! "ಬಂಡೆ ಗುಣಾನೇ ಹಂಗೆ, ಹೆದರಬೇಡಿ" ಅಂದ್ರು ಮೇಡಂ. ಅಷ್ಟೊತ್ತಿಗೆ ಕಟ್ಟೆ ಖಾಲಿ. ನಾನೇನ್ ಓಡ್ಲಿಲ್ಲ, ಎಲ್ರಿಗಿಂತ ಮುಂದೆ ನಡ್ದೆ, ಅಷ್ಟೇ.

ಒಬ್ಬ ಮುದುಕ ಮಾತ್ರ ಆರಾಮಾಗಿ ಬೀಡಿ ಸೇದ್ತಾ ಕೂತಿದ್ದ. ಏನ್ ಧೈರ್ಯ ಅಂತೀರಾ? ಅವ್ನಿಗೆ ಕಿವಿ ಕೇಳಲ್ಲ.

೩. ಕೊನೇ ಮಾತು

ಮಾರನೇ ದಿನ ತಡೀಲಾರ್ದೆ ಕೇಳ್ದೆ: "ನಂಗೂ ಒಂದ್ಸಲ ಹಿಡೀರಿ."

ಊರೇ ಸುತ್ತ ನಿಂತಿತು. ಎದೆ ಹತ್ರ ತಂದಿದ್ದೇ ತಡ, ಮಿಷಿನ್ ಗರ್ರ್ ಅಂತ ಅರಚ್ತು. ಜನ ಹತ್ತು ಹೆಜ್ಜೆ ಹಿಂದೆ. ನನ್ ಹೆಂಡ್ತಿ ಹನ್ನೊಂದು.

ಮುಗೀತು ನನ್ ಕಥೆ ಅಂತ ಕುಸಿದು ಕೂತೆ. ಸಾಯೋನು ಸುಳ್ಳು ಕಟ್ಕೊಂಡು ಹೋಗಬಾರ್ದು ಅಂತ ಪಕ್ಕದ ಹೊಲದೋನ್ನ ಕರ್ದೆ.

"ಲೇ ತಮ್ಮಾ, ಬದುವಿನ ಕಲ್ಲು ದೆವ್ವ ಸರಿಸ್ತು ಅಂದಿದ್ನಲ್ಲ, ಅದು ನಾನೇ ಕಣೋ. ಎರಡು ಸಾಲು ಒತ್ತಿದೀನಿ."

ಅವ್ನು ಕಣ್ಣೊರೆಸ್ಕೊಂಡ. "ಬಿಡಣ್ಣ, ಸಾಯೋ ಹೊತ್ನಾಗೆ ಯಾಕೆ ಅದೆಲ್ಲ."

ಅಷ್ಟ್ರಲ್ಲಿ ಮೇಡಂ ನನ್ ಅಂಗಿ ಬಿಚ್ಚಿಸಿದ್ರು. ಮೈಗೆ ಹಿಡಿದ್ರೆ ಮಿಷಿನ್ ತಣ್ಣಗೆ. ಅಂಗಿಗೆ ಹಿಡಿದ್ರೆ ಕಿರುಚಾಟ! ಜೇಬಲ್ಲಿ ಗ್ಯಾಸ್‌ಲೈಟಿನ ಹಳೇ ಮ್ಯಾಂಟ್ಲು, ಬೆಳಕು ಕೊಡೋ ಆ ಬಲೆ ಚೀಲ. ಚಳ್ಳಕೆರೇಲಿ ಇಂಥದ್ದೇ ಹೊಸದು ಸಿಗ್ತೈತಾ ಕೇಳಾನ ಅಂತ ಇಟ್ಕೊಂಡಿದ್ದೆ.

"ಈ ಹಳೇ ಮ್ಯಾಂಟಲ್‌ಗೆ ಥೋರಿಯಂ ಅನ್ನೋ ವಿಕಿರಣದ ವಸ್ತು ಹಾಕಿರ್ತಾರೆ, ಅದಕ್ಕೇ ಈ ಗಲಾಟೆ. ನಿಮಗೇನೂ ಆಗಿಲ್ಲ ಅಜ್ಜ, ಗಟ್ಟಿಯಾಗಿದೀರಿ!"

ಎಲ್ರೂ ನಕ್ರು. ಪಕ್ಕದ ಹೊಲದೋನು ನಗ್ಲಿಲ್ಲ. ಪಂಚೆ ಎತ್ತಿ ಕಟ್ಟಿದ.

"ಮೇಡಂನೋರೇ, ಇನ್ನೂ ಏನೂ ಆಗಿಲ್ಲ, ಸರಿ. ನೀವು ಜೀಪ್ ಹತ್ರಿ, ಆಮೇಲೆ ಆಗ್ತೈತೆ."

ಮೇಡಂಗಿಂತ ಮೊದ್ಲು ನಾನೇ ಹತ್ತಿ ಕೂತೆ. ಅಂಗೀನೂ ಹಾಕ್ಕೊಳ್ಳಿಲ್ಲ.